ಪೈಪಿನ ಬಾಯಿಯ ಮಣ್ಣು

ನನ್ನ ಗಂಡ ತನ್ನ ಅಣ್ಣನ ತಲೆಗೆ ಕಬ್ಬಿಣದ ರಾಡಿನಿಂದ ಹೊಡೆದಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಯಂತ್ರದ ತಳದಲ್ಲಿ ಕೊಳಕು ನೀರು ನಿಂತಿತ್ತು. ಅದನ್ನು ಲೋಟದಲ್ಲಿ ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದೆ. ಹಿತ್ತಲಿನಿಂದ ಬಂದ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಮ್ಮೆ ಬಡಿದ ಹಾಗಿತ್ತು. ಆಚೆಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಾರೆ ಎಂದುಕೊಂಡು ಇನ್ನೊಂದು ಲೋಟ ನೀರು ಮೊಗೆದೆ. ಆಮೇಲೆ ನನ್ನ ಓರಗಿತ್ತಿಯ ಕಿರುಚಾಟ ಕೇಳಿಸಿತು.

ಆ ಯಂತ್ರ ಮನೆಗೆ ಬಂದದ್ದು ನನ್ನ ಬಲಗೈ ಮುರಿದ ವರ್ಷ. ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿ ಹತ್ತಿರದ ಒಂದು ಹಳ್ಳಿ. ಕೊಟ್ಟದ್ದು ಶಿಕಾರಿಪುರಕ್ಕೆ. ಒಂದು ಸಲ ತವರಿನಿಂದ ಬೈಕಿನಲ್ಲಿ ವಾಪಸು ಬರುವಾಗ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಗಂಡ ಬ್ರೇಕು ಒತ್ತಿದ, ಬೈಕು ಜಾರಿತು, ನಾನು ಕೈಯೂರಿ ಬಿದ್ದೆ. ಮಣಿಕಟ್ಟು ತಿರುಚಿಕೊಂಡು ಬೇರೆ ಯಾರದೋ ಕೈಯ ಹಾಗೆ ಕಾಣುತ್ತಿತ್ತು. ಗಂಡನಿಗೆ ತರಚು ಗಾಯವೂ ಆಗಿರಲಿಲ್ಲ. ಎದ್ದವನು ನನ್ನ ಕಡೆ ಬರಲಿಲ್ಲ. ಕುರಿ ಕಾಯುತ್ತಿದ್ದ ಮುದುಕನ ಕೋಲು ಕಿತ್ತುಕೊಂಡು, ಅದೇ ಕೋಲಿನಿಂದ ಅವನ ಬೆನ್ನಿಗೂ ಕಾಲಿಗೂ ಬಾರಿಸಿದ. ಕೋಲು ಮುರಿದ ಮೇಲೆ ಅವನಿಗೆ ನನ್ನ ನೆನಪಾಯಿತು. ಅಷ್ಟರಲ್ಲಿ ಏಟು ತಿಂದ ಮುದುಕನೇ ಕುಂಟುತ್ತ ನನ್ನ ಹತ್ತಿರ ಬಂದು ತನ್ನ ಬಾಟಲಿಯಿಂದ ನೀರು ಕುಡಿಸುತ್ತಿದ್ದ.

"ಕೈ ಅಲ್ಲಾಡಿಸ್ಬ್ಯಾಡ ತಾಯಿ," ಎಂದು ತಲೆಯ ವಸ್ತ್ರ ಬಿಚ್ಚಿ ನನ್ನ ಕೈಯನ್ನು ಕುತ್ತಿಗೆಗೆ ಕಟ್ಟಿಕೊಟ್ಟ. ಆ ವಸ್ತ್ರ ವಾಪಸು ಕೊಡಲು ನನಗೆ ಆಗಲೇ ಇಲ್ಲ.

ಗಂಡನನ್ನು ಎದುರಿಗೆ 'ರೀ' ಎಂದೇ ಕರೆಯುತ್ತೇನೆ. ಬರೆಯಲು ಕೂತರೆ ಮಾತ್ರ 'ಅವನು' ಎಂದೇ ಬರುತ್ತದೆ. ಹಾಗೆಯೇ ಇರಲಿ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಔಷಧಿ ಹೊಡೆಯುವ ಪಂಪು, ಮೋಟಾರು, ಪೈಪುಗಳ ಅಂಗಡಿ. ರೈತರು ಕೆಟ್ಟ ಪಂಪು ತಂದರೆ ಮಡಿಲ ಮೇಲಿಟ್ಟುಕೊಂಡು ಸಣ್ಣ ವಾಷರನ್ನು ಉಗುರಿನಿಂದ ಎಬ್ಬಿಸಿ ತೆಗೆಯುವುದನ್ನು ನೋಡಿದರೆ ಇಷ್ಟು ತಾಳ್ಮೆಯ ಮನುಷ್ಯ ಶಿಕಾರಿಪುರದಲ್ಲಿ ಇನ್ನೊಬ್ಬನಿಲ್ಲ ಅನ್ನಿಸುತ್ತದೆ. ಆ ತಾಳ್ಮೆ ಅಂಗಡಿಯ ಷಟರಿನ ಒಳಗಡೆಯೇ ಉಳಿದುಬಿಡುತ್ತದೆ. ಮನೆಯಲ್ಲಿ ಬಾಗಿಲ ಚಿಲಕ ಬಿಗಿಯಾದರೆ ಒದೆಯುತ್ತಾನೆ. ನನಗೂ ಕೈ ಎತ್ತಿದ್ದಾನೆ. ದಿನಾ ಅಲ್ಲ. ದಿನಾ ಅಲ್ಲ ಎಂದು ನಾನೇ ನನಗೆ ಬಹಳ ವರ್ಷ ಹೇಳಿಕೊಂಡೆ.

ನನ್ನ ಕೈಯೊಳಗೆ ಪ್ಲೇಟು, ಸ್ಕ್ರೂ ಕೂರಿಸಿದರು. ಹಿಂಡುವುದು, ತಿಕ್ಕುವುದು, ಭಾರ ಎತ್ತುವುದು ಬೇಡ ಎಂದರು ಡಾಕ್ಟರು. ಗಂಡ ಸ್ವಲ್ಪ ದಿನ ತಾನೇ ಪಾತ್ರೆ ತೊಳೆದ. ತೊಳೆಯುವುದೆಂದರೆ ಸಿಂಕಿನೊಳಗೆ ಯುದ್ಧ. ಪಾತ್ರೆಗಳಿಗೆಲ್ಲ ನೆಗ್ಗು ಬಿತ್ತು. ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಡಿಶ್‌ವಾಷರ್ ಕೊಂಡುಬಂದ. ಕೂರಿಸಲು ಬಂದ ಮೆಕ್ಯಾನಿಕ್ ಅಡುಗೆಮನೆಯ ಗೋಡೆಗೆ ತೂತು ಕೊರೆದು, ಕೊಳಕು ನೀರಿನ ಪೈಪನ್ನು ಹಿತ್ತಲ ಚರಂಡಿಗೆ ಬಿಟ್ಟು ಹೋದ.

ಚರಂಡಿಯ ಬಗ್ಗೆ ಹೇಳಬೇಕು. ನಮ್ಮದು ಮೊದಲು ಒಂದೇ ಮನೆ. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಎದ್ದಿತು. ಕೆಲಸದ ನಡುವೆ ಹಿತ್ತಲಿನ ಅಳತೆ ಮತ್ತೆ ಹಿಡಿದ ದಿನ ಟೇಪು ಎಲ್ಲಿಂದ ಹಿಡಿಯಬೇಕು ಎಂದು ಜಗಳವಾಗಿ, ಭಾವ ಗಾರೆಯವನ ಕರಣೆಯನ್ನೇ ಎತ್ತಿ ನನ್ನ ಗಂಡನ ಹೆಬ್ಬೆರಳ ಮೇಲೆ ಹೊಡೆದಿದ್ದರು. ಆ ಬೆರಳು ಈಗಲೂ ಸೊಟ್ಟ. ಹಾಗಾಗಿ ಗೋಡೆಯ ಕೆಲಸ ಅರ್ಧಕ್ಕೆ ನಿಂತು, ಮನೆಯ ಪಕ್ಕದಲ್ಲಿ ಆಳೆತ್ತರ ಇರುವ ಗೋಡೆ ಹಿತ್ತಲಿನಲ್ಲಿ ಮೊಣಕಾಲೆತ್ತರ ಮಾತ್ರ ಇದೆ. ಚರಂಡಿ ಮಾತ್ರ ಪಾಲಾಗಲಿಲ್ಲ. ನಮ್ಮ ಹಿತ್ತಲಿನಲ್ಲಿ ಹುಟ್ಟಿ, ಗೋಡೆಯ ಕೆಳಗೆ ಹಾದು, ಭಾವ ಕೈಕಾಲು ತೊಳೆಯುವ ಕಲ್ಲಿನ ಮುಂದೆಯೇ ಬೀದಿಗೆ ಹೋಗುತ್ತದೆ.

ಯಂತ್ರ ಬಂದ ಸ್ವಲ್ಪ ದಿನಕ್ಕೇ ಗಾಜಿನ ಲೋಟಗಳು ಬೆಳ್ಳಗಾಗತೊಡಗಿದವು. ಸುಣ್ಣ ಬಳಿದ ಹಾಗೆ ಒಂದು ಪೊರೆ. ನಮ್ಮದು ಬೋರಿನ ಗಡಸು ನೀರು. ಒಂದು ಬೆಳಿಗ್ಗೆ ಗಂಡ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಇದನ್ನ ತೊಳ್ದಿದ್ದು ಅಂತಾರೇನೇ? ಬೂದಿ ಹಚ್ಚಿ ತಿಕ್ಕಿದ್ರೂ ಇದಕ್ಕಿಂತ ಚಲೋ ಇರ್ತಿತ್ತು."

"ನೀರಿಂದು ದೋಷ ಕಣ್ರೀ. ಅದಕ್ಕೆ ಏನೋ ಉಪ್ಪು ಹಾಕ್ಬೇಕಂತೆ."

"ಉಪ್ಪು!" ಎಂದವನೇ ಲೋಟವನ್ನು ತೆರೆದಿದ್ದ ಯಂತ್ರದ ಹೊಟ್ಟೆಗೇ ಎಸೆದ. ಅದು ಒಳಗಿನ ಸ್ಟೀಲಿಗೆ ಬಡಿದು ಪುಡಿಯಾಯಿತು. ಒಂದು ಚೂರು ಹಾರಿ ಬಂದು ನನ್ನ ಗಲ್ಲ ಸೀಳಿತು. ರಕ್ತ ನೋಡಿ ಅವನು ಅಂಗಡಿಗೆ ಹೊರಟುಹೋದ. ನಾನು ಗಾಜು ಆರಿಸಿದೆ. ಎಲ್ಲ ಸಿಕ್ಕಿತು ಎಂದುಕೊಂಡೆ.

ಆಮೇಲೆ ಯಂತ್ರದ ಜೊತೆ ಬಂದ ಪುಸ್ತಕ ಹಿಡಿದು ಕೂತೆ. ತಳದಲ್ಲಿ ಒಂದು ಮುಚ್ಚಳವಿದೆ, ಅದನ್ನು ತಿರುಗಿಸಿ ತೆಗೆದು ಅದಕ್ಕೆಂದೇ ಸಿಗುವ ದಪ್ಪ ಹರಳಿನ ಉಪ್ಪು ತುಂಬಬೇಕು. ಅಡುಗೆ ಉಪ್ಪು ಹಾಕಬಾರದು. ನೀರು ಚಿಮ್ಮುವ ತೋಳುಗಳ ತೂತುಗಳಲ್ಲೂ ಸುಣ್ಣ ಕಟ್ಟಿತ್ತು. ತೋಳು ಬಿಚ್ಚಿ ಬಿಸಿ ನೀರಿಗೆ ನಿಂಬೆ ಹಿಂಡಿ ನೆನೆಹಾಕಿದೆ, ಹೂ ಕಟ್ಟುವ ಸೂಜಿಯಿಂದ ಒಂದೊಂದೇ ತೂತು ಬಿಡಿಸಿದೆ. ಎಡಗೈಯಿಂದಲೇ ಮಾಡಿದೆ. ಲೋಟಗಳು ಹೊಳೆದವು. ಗಂಡ ಲೋಟ ನೋಡದೆಯೇ ಅದರಲ್ಲಿ ಮಜ್ಜಿಗೆ ಕುಡಿದ. ನನ್ನ ಗಲ್ಲದ ಮೇಲಿನ ಗೆರೆಯನ್ನೂ ನೋಡಲಿಲ್ಲ.

ಇಷ್ಟರಲ್ಲಿ ಭಾವನ ಕಡೆಯಿಂದ ಶುರುವಾಯಿತು. ಯಂತ್ರ ಬಿಡುವ ನೀರು ಬೂದುಬಣ್ಣದ್ದು, ಬಿಸಿ, ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿರುತ್ತವೆ. ಭಾವ ಬೆಳಿಗ್ಗೆ ಕಲ್ಲಿನ ಮೇಲೆ ನಿಂತು ಕಾಲು ತೊಳೆದು ಇಷ್ಟಲಿಂಗ ಪೂಜೆಗೆ ಕೂರುವವರು. ಅದೇ ಹೊತ್ತಿಗೆ ನಮ್ಮ ರಾತ್ರಿಯ ಸಾರು, ಮೊಸರು, ಎಲ್ಲ ಅವರ ಕಾಲಡಿ ಹರಿಯುತ್ತಿತ್ತು.

"ನಿಮ್ಮ ಎಂಜಲು ತುಳ್ಕಂಡು ನಾನು ಪೂಜಿಗೆ ಕುಂದರ್ಬೇಕೇನು?" ಮೋಟುಗೋಡೆಯ ಆಚೆ ನಿಂತು ಭಾವ ಕೂಗಿದರು. "ಇನ್ನೊಂದು ಸಲ ಈ ನೀರು ಬರ್ಲಿ. ಪೈಪಿನ ಬಾಯಿಗೆ ಮಣ್ಣು ಜಡೀತೀನಿ!"

ನನ್ನ ಗಂಡ ಹಲ್ಲುಜ್ಜುತ್ತಿದ್ದ. ಉಗಿದು ಹೇಳಿದ, "ಜಡಿ. ಆಮೇಲೆ ಊಟ ಮಾಡಾಕೆ ಕೈ ಇರ್ತತೋ ಇಲ್ಲೋ ನೋಡ್ಕ್ಯ."

ಮರುದಿನದಿಂದ ಪೂಜೆಯ ಹೊತ್ತು ಮುಗಿದ ಮೇಲೆಯೇ ನಾನು ಯಂತ್ರ ಹಾಕತೊಡಗಿದೆ. ಅದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಬೇಕೆಂದೇ ಪೂಜೆಯ ಹೊತ್ತಿಗೆ ಹಾಕಿಸುತ್ತಿದ್ದ.

ಬೇಸಿಗೆಯಲ್ಲಿ ಅಮ್ಮನಿಗೆ ಹುಷಾರಿಲ್ಲದೆ ನಾನು ತವರಿಗೆ ಹೋಗಿ ಕೆಲವು ದಿನ ಉಳಿದೆ. ಯಂತ್ರ ಹಾಗೇ ನಿಂತಿತ್ತು. ಗಂಡ ಹೋಟೆಲಿನಲ್ಲಿ ಊಟ ಮಾಡಿ, ಕಾಫಿ ಲೋಟಗಳನ್ನು ಮಾತ್ರ ಯಂತ್ರದೊಳಗೆ ಪೇರಿಸುತ್ತ ಹೋಗಿದ್ದ. ನಾನು ಬಂದ ಮರುದಿನ ಬೆಳಿಗ್ಗೆ ಯಂತ್ರ ಹಾಕಿದೆ. ಸ್ವಲ್ಪ ಹೊತ್ತು ತಿರುಗಿತು, ಆಮೇಲೆ ಗೊರಗೊರ ಎಂದು ಗಂಟಲು ಕಟ್ಟಿದವರ ಹಾಗೆ ಸದ್ದು ಮಾಡಿ ನಿಂತು ಕೂಗತೊಡಗಿತು. ಕೆಂಪು ದೀಪ ಮಿಣುಕುತ್ತಿತ್ತು. ಬಾಗಿಲು ತೆಗೆದರೆ ತಳದ ತುಂಬ ನಾರುವ ನೀರು.

"ನೀರು ಹೊರಗೆ ಹೋಗ್ತಿಲ್ಲ ಕಣ್ರೀ," ಎಂದೆ. ಆ ಮಾತನ್ನು ನಾನು ಬೇರೆ ಹೇಗಾದರೂ ಹೇಳಬಹುದಿತ್ತೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬೇರೆ ಹೇಗೂ ಇಲ್ಲ. ನೀರು ಹೋಗುತ್ತಿರಲಿಲ್ಲ, ಅಷ್ಟೇ.

ಗಂಡ ಹಿತ್ತಲಿಗೆ ಹೋದ. ಪೈಪಿನ ಬಾಯಿಗೆ ಕೆಮ್ಮಣ್ಣು ಮೆತ್ತಿತ್ತು. ಬೆರಳಿನಿಂದ ಒತ್ತಿ ನುಣ್ಣಗೆ ಮಾಡಿದ ಹಾಗೆ, ಬಿಗಿಯಾಗಿ, ಒಣಗಿ ಗಟ್ಟಿಯಾಗಿತ್ತು. ಅವನು ಒಳಗೆ ಬಂದು, "ಮಣ್ಣು ಜಡಿದಾನೆ," ಎಂದು ನೀರೊಲೆಯ ಪಕ್ಕದ ರಾಡು ತೆಗೆದುಕೊಂಡ. ಮಣ್ಣು ಚುಚ್ಚಿ ತೆಗೆಯಲು ಎಂದುಕೊಂಡೆ. ಅದಕ್ಕೂ ಬಳಸಿದ. ಪೈಪು ಬಿಡಿಸಿ, ಮಣ್ಣಿನ ಹೆಂಟೆ ಕೆಳಗೆ ಬಿದ್ದ ಮೇಲೆ, ಮೋಟುಗೋಡೆ ದಾಟಿದ. ಭಾವ ಪೂಜೆ ಮುಗಿಸಿ ಹೊರಗೆ ಹೊರಡಲೆಂದು ಕಲ್ಲಿನ ಮೇಲೆ ಬಗ್ಗಿ ಮುಖ ತೊಳೆಯುತ್ತಿದ್ದರು. ಅವರ ಕಣ್ಣಿನ ತುಂಬ ಸೋಪು.

ನಾನು ಓಡಿ ಹೋದಾಗ ಭಾವ ಬಿದ್ದಿರಲಿಲ್ಲ. ತಲೆಯಿಂದ ರಕ್ತ ಸುರಿದು ಸೋಪಿನ ನೊರೆಯೊಂದಿಗೆ ಬೆರೆತು ಗುಲಾಬಿ ಬಣ್ಣವಾಗಿ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಕಣ್ಣು ಕಾಣದೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದ ಅವರಿಗೆ ತಮ್ಮನ ಕುತ್ತಿಗೆ ಸಿಕ್ಕಿತು. ಎರಡೂ ಕೈಯಿಂದ ಹಿಡಿದು ಹಿಸುಕಿದರು. ಇಬ್ಬರೂ ಚರಂಡಿಗೆ ಉರುಳಿದರು. ರಾಡು ಎಲ್ಲೋ ಬಿತ್ತು. ನನ್ನ ಗಂಡನ ಮುಖ ಕಪ್ಪಾಗುತ್ತಿತ್ತು, ಕಾಲು ಕಲ್ಲಿಗೆ ಬಡಿಯುತ್ತಿತ್ತು. ನಾನು ಭಾವನ ಬೆರಳು ಬಿಡಿಸಲು ಬಗ್ಗಿದೆ. ಹಿಂದಿನಿಂದ ಓರಗಿತ್ತಿ ಬಂದಳು. ತನ್ನ ಗಂಡನನ್ನು ನಾನೂ ಹೊಡೆಯುತ್ತಿದ್ದೇನೆ ಎಂದುಕೊಂಡಳೋ, ಯಾರಿಗಾದರೂ ಹೊಡೆಯಬೇಕಿತ್ತೋ, ಕೈಯಲ್ಲಿದ್ದ ಹಿತ್ತಾಳೆ ಚೊಂಬಿನಿಂದ ನನ್ನ ಬಲಗೈ ಮಣಿಕಟ್ಟಿನ ಮೇಲೆ ಬಡಿದಳು. ಪ್ಲೇಟು ಕೂರಿಸಿದ ಜಾಗ. ನನ್ನ ಬಾಯಿಂದ ಬಂದ ಕೂಗಿಗೆ ಅಣ್ಣತಮ್ಮಂದಿರಿಬ್ಬರೂ ಕೈ ಬಿಟ್ಟರು.

ಓರಗಿತ್ತಿ ತನ್ನ ಗಂಡನ ತಲೆಗೆ ಸೀರೆಯ ಸೆರಗು ಒತ್ತಿ ಹಿಡಿದು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಟೋದ ಸದ್ದಿನ ಮೇಲೂ ಭಾವನ ಮಾತು ಕೇಳುತ್ತಿತ್ತು: "ನಾನು ಹಾಕಿಲ್ಲೇ, ನಿನ್ನಾಣೆ, ಮಣ್ಣು ನಾನು ಹಾಕಿಲ್ಲ." ಮಧ್ಯಾಹ್ನ ಪೊಲೀಸಿನವರು ಬಂದು ನನ್ನ ಗಂಡನನ್ನು ಕರೆದುಕೊಂಡು ಹೋದರು. ಅವನು ಜೀಪು ಹತ್ತುವಾಗಲೂ, "ಮಣ್ಣು ಜಡೀತೀನಿ ಅಂತ ಬೀದಿಗೆಲ್ಲಾ ಕೇಳೋ ಹಂಗೆ ಹೇಳಿದ್ದ ಸಾರ್, ಜಡಿದ," ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಮನೆಯಲ್ಲಿ ನಾನೊಬ್ಬಳೇ. ಕೈ ಊದಿತ್ತು. ಸಿಂಕಿನಲ್ಲಿ ಪಾತ್ರೆಗೆ ನೊಣ ಮುತ್ತಿದ್ದವು. ಯಂತ್ರದ ಹೊಟ್ಟೆ ನಾರುತ್ತಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಪೈಪಿನ ಮಣ್ಣು ತೆಗೆದಾಗಿದೆಯಲ್ಲ, ಈಗಾದರೂ ಹೋಗು ಎಂದು ಯಂತ್ರದ ಗುಂಡಿ ಒತ್ತಿದೆ. ಅದೇ ಗೊರಗೊರ. ನೀರು ಕದಲಲಿಲ್ಲ.

ಪ್ಲಗ್ಗು ಕಿತ್ತೆ. ಉಳಿದ ನೀರನ್ನು ಮೊಗೆದು, ತಳವನ್ನು ಬಟ್ಟೆಯಿಂದ ಒರೆಸಿದೆ. ಜಾಲರಿಯ ಬಟ್ಟಲನ್ನು ತಿರುಗಿಸಿ ಎತ್ತಿದೆ. ಕರಿಬೇವು, ಸಾಸಿವೆ, ಕಾಫಿಪುಡಿಯ ಚರಟ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಅದರ ಕೆಳಗೆ ಒಂದು ಗುಳಿ, ಗುಳಿಯ ಪಕ್ಕದಲ್ಲಿ ನೀರು ಹೊರಗೆ ತಳ್ಳುವ ಸಣ್ಣ ಚಕ್ರ, ಅದಕ್ಕೊಂದು ಪ್ಲಾಸ್ಟಿಕ್ ಮುಚ್ಚಳ. ಎಡಗೈಯಲ್ಲಿ ಚಮಚದ ಹಿಡಿ ಹಾಕಿ ಮುಚ್ಚಳ ಎಬ್ಬಿಸುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು.

ಓರಗಿತ್ತಿ. ಕೈಯಲ್ಲಿ ಭಾವನ ಒಂದು ಚಪ್ಪಲಿ. ಹೊಡೆದಾಟದಲ್ಲಿ ನಮ್ಮ ಹಿತ್ತಲಿಗೆ ಹಾರಿಬಿದ್ದಿದ್ದನ್ನು ಹುಡುಕಿಕೊಂಡು ಬಂದಿದ್ದಳು.

"ಏನ್ ಮಾಡಾಕತ್ತೀಯೇ?"

"ನೀರು ಹೋಗ್ತಿಲ್ಲ ಅಕ್ಕ."

"ಇನ್ನೂ ಹೋಗ್ತಿಲ್ಲೇನು? ಮಣ್ಣು ತೆಗೆದ್ರಲ್ಲ ನಿನ್ನೆ."

ಅವಳು ಚಪ್ಪಲಿ ಬಾಗಿಲ ಹೊರಗಿಟ್ಟು ಒಳಗೆ ಬಂದಳು. ನನ್ನ ಊದಿದ ಕೈ ನೋಡಿ ಮುಖ ಆಚೆ ತಿರುಗಿಸಿದಳು. ಆಮೇಲೆ ನನ್ನ ಮೊಬೈಲು ಎತ್ತಿಕೊಂಡು ಅದರ ಬೆಳಕನ್ನು ಗುಳಿಯೊಳಗೆ ಹಿಡಿದಳು. ಮುಚ್ಚಳ ಎದ್ದು ಬಂತು. ಚಕ್ರವನ್ನು ಬೆರಳಿನಿಂದ ತಿರುಗಿಸಲು ನೋಡಿದೆ. ಕದಲಲಿಲ್ಲ. ಅದರ ಎರಡು ಎಸಳುಗಳ ನಡುವೆ ಏನೋ ಮಿಂಚುತ್ತಿತ್ತು. ಹುಬ್ಬಿನ ಚಿಮಟದಿಂದ ಎಳೆದೆ. ಗಾಜಿನ ಚೂರು. ಗಂಡ ಎಸೆದ ಲೋಟದ್ದು. ಅಷ್ಟು ದಿನ ಎಲ್ಲೋ ಒಳಗೆ ಸುತ್ತಾಡುತ್ತಿದ್ದು, ಕಡೆಗೆ ಅಲ್ಲಿ ಬಂದು ಕಚ್ಚಿಕೊಂಡಿತ್ತು.

ಚಕ್ರ ಟಕ್ ಟಕ್ ಎಂದು ಬೆರಳಿಗೆ ತಿರುಗಿತು. ಮುಚ್ಚಳ ಕೂರಿಸಿ, ಜಾಲರಿ ಹಾಕಿ, ಎರಡು ಚೊಂಬು ನೀರು ಸುರಿದು, ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದೆ. ಹಿತ್ತಲಿನಲ್ಲಿ ಚರಂಡಿಗೆ ನೀರು ಧುಮುಕುವ ಸದ್ದು ಕೇಳಿಸಿತು. ಇಬ್ಬರೂ ಎದ್ದು ನೋಡಲು ಹೋದೆವು. ನಿನ್ನೆಯ ರಕ್ತ ಚರಂಡಿಯ ಅಂಚಿನಲ್ಲಿ ಕಂದುಗಟ್ಟಿತ್ತು. ನೀರು ಅದನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡು ಹೋಗುತ್ತಿತ್ತು.

ಪೈಪಿನ ಕೆಳಗೆ ಆ ಮಣ್ಣಿನ ಹೆಂಟೆ ಇನ್ನೂ ಬಿದ್ದಿತ್ತು. ಓರಗಿತ್ತಿ ಅದನ್ನು ಎತ್ತಿಕೊಂಡಳು.

"ಇದೇ ಏನೇ ಮಣ್ಣು? ಇದರೊಳಗೆ ಗೂಡು ಗೂಡು ಐತಲ್ಲ."

ಅವಳ ಕೈಯಿಂದ ತೆಗೆದುಕೊಂಡು ಮುರಿದೆ. ಒಳಗೆ ನುಣುಪಾದ ಎರಡು ಕೋಣೆಗಳು. ಒಂದರ ತುಂಬ ಸಣ್ಣ ಸಣ್ಣ ಜೇಡಗಳು, ಸತ್ತ ಹಾಗೆ ಕಾಲು ಮಡಚಿಕೊಂಡಿದ್ದವು. ಅವುಗಳ ನಡುವೆ ಅಕ್ಕಿಕಾಳಿನಷ್ಟು ಬಿಳಿ ಹುಳ ಮಿಸುಕಾಡುತ್ತಿತ್ತು. ಕುಂಬಾರ ಹುಳದ ಗೂಡು. ಬಾಗಿಲ ಸಂದಿ, ಕಿಟಕಿಯ ಕೊಂಡಿ, ಹಳೇ ರೇಡಿಯೊ ಎಲ್ಲಿ ಬಿಲ ಸಿಕ್ಕರೂ ಕಟ್ಟುತ್ತದೆ. ನಾನು ತವರಿನಲ್ಲಿದ್ದ ದಿನಗಳಲ್ಲಿ ಪೈಪಿನ ಬಾಯಿ ಒಣಗಿತ್ತು. ಅದಕ್ಕೆ ಅಷ್ಟೇ ಸಾಕಾಗಿತ್ತು.

ಓರಗಿತ್ತಿ ಮೋಟುಗೋಡೆಯ ಮೇಲೆ ಕೂತುಬಿಟ್ಟಳು.

"ದಾರಿಯುದ್ದಕ್ಕೂ ಆಣೆ ಮಾಡಿದ್ರು ಕಣೆ. ಹೊಲಿಗೆ ಹಾಕೋವಾಗ್ಲೂ ನಾನು ಹಾಕಿಲ್ಲ ಅಂತಿದ್ರು. ನಾನು ನಂಬ್ಲಿಲ್ಲ. ಪೊಲೀಸ್ರ ಮುಂದೆ ನಮ್ಮೋರು ಹಾಕಿಲ್ಲ ಅಂತ ಬಾಯಲ್ಲಿ ಹೇಳ್ದೆ, ಒಳಗೆ ಇವ್ರೇ ಹಾಕಿರ್ಬೇಕು ಅಂದ್ಕಂಡಿದ್ದೆ." ನನ್ನ ಮಣಿಕಟ್ಟು ನೋಡಿ ಕೇಳಿದಳು, "ಕೈ ಬಾಳ ನೋಯ್ತತೇನು?"

"ನೋಯ್ತತೆ."

ಅವಳು ಗೂಡಿನ ಒಂದು ತುಂಡನ್ನು ಗಂಡನಿಗೆ ತೋರಿಸಲು ತೆಗೆದುಕೊಂಡು ಹೋದಳು. ಇನ್ನೊಂದನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ.

ಮಧ್ಯಾಹ್ನ ಗಂಡನನ್ನು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಬಂದವನಿಗೆ ಊಟ ಹಾಕಿದೆ. ಉಂಡ ಮೇಲೆ ಹೇಳೋಣ ಎಂದು ಕಾದೆ. ಅವನು ಕೈ ತೊಳೆದು ಬಂದಾಗ ನಾನು ಕುಕ್ಕರನ್ನು ಎಡಗೈಯಲ್ಲಿ ಹಿಡಿದು ಯಂತ್ರದೊಳಗೆ ಜೋಡಿಸಲು ನಿಂತಿದ್ದೆ. ಗೂಡು ತೋರಿಸಿದೆ, ಗಾಜಿನ ಚೂರು ತೋರಿಸಿದೆ, ನೀರು ಈಗ ಹೋಗುತ್ತಿದೆ ಎಂದೆ.

"ಯಾರು ತಂದುಕೊಟ್ರು ಇದನ್ನ? ಅವ್ಳು ಬಂದಿದ್ಲಾ?"

"ಪೈಪಿನ ಕೆಳಗೇ ಬಿದ್ದಿತ್ತು ಕಣ್ರೀ. ನೀವೇ ಚುಚ್ಚಿ ತೆಗೆದ ಮಣ್ಣು ಇದು. ನೋಡ್ರಿ, ಹುಳ ಇನ್ನೂ ಜೀವಂತ ಐತೆ."

ಅವನು ಗೂಡನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಅರೆದ. "ಎಲ್ಲೈತೆ ಹುಳ? ತೋರ್ಸು ಈಗ."

"ಇದಕ್ಕೆ ಭಾವನ ತಲೆ ಒಡೆದ್ರಲ್ಲ," ಎಂದೆ.

ಕೆನ್ನೆಗೆ ಬಿದ್ದ ಏಟಿಗೆ ನನ್ನ ತಲೆ ಗೋಡೆಗೆ ತಾಗಿತು. ಕಿವಿಯಲ್ಲಿ ಒಂದು ಸಿಳ್ಳೆ ಶುರುವಾಯಿತು. ಅವನು ಎರಡನೇ ಸಲ ಕೈ ಎತ್ತುವುದು ಕಾಣಿಸಿತು. ನನ್ನ ಎಡಗೈಯಲ್ಲಿ ಕುಕ್ಕರು ಇನ್ನೂ ಇತ್ತು. ಬೀಸಿದೆ. ಯೋಚಿಸಿ ಬೀಸಿದೆನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ಯೋಚಿಸಿಯೇ ಬೀಸಿದೆ. ಅದರ ಅಂಚು ಅವನ ಹುಬ್ಬಿಗೆ ಬಿತ್ತು. ಅವನು ಹಿಂದೆ ಸರಿದು, ತೆರೆದಿದ್ದ ಯಂತ್ರದ ಬಾಗಿಲ ಮೇಲೆ ಕುಸಿದು ಕೂತ. ಬಾಗಿಲ ಕೀಲು ಕಟಕ್ ಎಂದು ಬಾಗಿತು. ಹುಬ್ಬಿನಿಂದ ರಕ್ತ ಕಣ್ಣಿಗೆ ಇಳಿಯಿತು. ಅವನು ಅದನ್ನು ಮುಟ್ಟಿ, ಕೈ ನೋಡಿಕೊಂಡು, ನನ್ನನ್ನು ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇದು ಹೇಗೆ ಆಯಿತು ಎಂದು ಕೇಳುವ ಮುಖ.

ನಾನು ಕುಕ್ಕರನ್ನು ಕೆಳಗಿಡಲಿಲ್ಲ. "ಇನ್ನೊಮ್ಮೆ ಕೈ ಎತ್ತಿ," ಎಂದೆ.

ಆಸ್ಪತ್ರೆಗೆ ನಾವಿಬ್ಬರೂ ಒಂದೇ ಆಟೋದಲ್ಲಿ ಹೋದೆವು. ಅವನ ಹುಬ್ಬಿಗೆ ಹೊಲಿಗೆ, ನನ್ನ ಮಣಿಕಟ್ಟಿಗೆ ಎಕ್ಸ್‌ರೇ. ನಿನ್ನೆ ಭಾವನಿಗೆ ಹೊಲಿಗೆ ಹಾಕುವಾಗ ಇದ್ದ ನರ್ಸ್‌ ಇವತ್ತೂ ಇದ್ದಳು. ಅಡ್ಡಹೆಸರು, ಬೀದಿಯ ಹೆಸರು ಕೇಳಿ ಪೆನ್ನು ನಿಲ್ಲಿಸಿದಳು. "ನಿನ್ನೆ ಬಂದಿದ್ದೂ ಇದೇ ಮನೆಯೋರಾ? ಏನ್ರೀ ನಡೀತೈತೆ ಅಲ್ಲಿ?"

"ಬಚ್ಚಲಲ್ಲಿ ಜಾರಿ ಬಿದ್ದೆ," ಎಂದ ಗಂಡ. ನನ್ನ ಪ್ಲೇಟು ಸರಿಯಾಗಿಯೇ ಇತ್ತು, ಒಂದು ಸ್ಕ್ರೂ ಮಾತ್ರ ಸಡಿಲವಾಗಿತ್ತು. ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ಆನವಟ್ಟಿ ಬಸ್ಸು ಹತ್ತಿದೆ.

ತವರಿನಲ್ಲಿದ್ದಾಗ ನನ್ನನ್ನು ತೊಗರ್ಸಿಗೆ ಕರೆಸಿದರು. ಅಲ್ಲಿ ಈ ಅಣ್ಣತಮ್ಮಂದಿರ ದೊಡ್ಡಪ್ಪ ಇದ್ದಾರೆ, ಮನೆತನಕ್ಕೆ ಹಿರಿಯರು. ಮಲ್ಲಿಕಾರ್ಜುನ ದೇವಸ್ಥಾನದ ಜಗುಲಿಯ ಮೇಲೆ ಕೂತು ಮಾತು ಮುಗಿಸುವುದು, ಭಾವ ಕೊಟ್ಟ ಕಂಪ್ಲೇಂಟು ವಾಪಸು ತೆಗೆದುಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಭಾವ ತಲೆಗೆ ಬಿಳಿ ಪಟ್ಟಿ, ನನ್ನ ಗಂಡ ಹುಬ್ಬಿಗೆ ಪಟ್ಟಿ ಹಾಕಿಕೊಂಡು ಎರಡು ಕಂಬಗಳಿಗೆ ಒರಗಿ ಕೂತಿದ್ದರು. ಓರಗಿತ್ತಿ ತಾನು ಇಟ್ಟುಕೊಂಡಿದ್ದ ಗೂಡಿನ ತುಂಡನ್ನು ಕಾಗದದಿಂದ ಬಿಚ್ಚಿ ದೊಡ್ಡಪ್ಪನ ಮುಂದೆ ಇಟ್ಟಳು. ಏನೇನು ನೋಡಿದೆವು ಎಂದು ಹೇಳಿದಳು. ಅವಳು ಬಿಟ್ಟದ್ದನ್ನು ನಾನು ಹೇಳಿದೆ, ಗಾಜಿನ ಚೂರನ್ನೂ ಸೇರಿಸಿ.

ದೊಡ್ಡಪ್ಪ ತುಂಡನ್ನು ತಿರುಗಿಸಿ ನೋಡಿದರು. ಅವರಿಗೆ ಸಮಾಧಾನವಾದಂತೆ ಕಂಡಿತು. "ಹಂಗಾದ್ರೆ ಯಾರದೂ ತಪ್ಪಿಲ್ಲ ಅಂದಂಗಾತು. ಹುಳ ಕಟ್ಟಿದ್ದು. ಅದಕ್ಕೆ ಯಾರೇನು ಮಾಡಾಕಾಗ್ತತಿ?"

ಆಗ ಭಾವ ಬಾಯಿ ಬಿಟ್ಟರು. "ಗೂಡು ಹುಳ ಕಟ್ತು, ಒಪ್ಪಿದೆ. ರಾಡು ಹುಳ ಎತ್ಲಿಲ್ಲ ದೊಡ್ಡಪ್ಪ."

ನನ್ನ ಗಂಡ ನೆಲ ನೋಡುತ್ತಿದ್ದ. "ನೀನೇ ಹಾಕಿದ್ದೀಯ ಅಂದ್ಕಂಡಿದ್ದೆ," ಎಂದ.

"ನಾನು ಹಾಕಿದ್ರೂ, ತಲೆ ಒಡಿಯಂಥ ಮಣ್ಣೇನೋ ಅದು?"

ಮಾತು ಬದಲಿಸಬೇಕೆಂದು ದೊಡ್ಡಪ್ಪ ನನ್ನ ಗಂಡನ ಪಟ್ಟಿಯ ಕಡೆ ಕೈ ತೋರಿಸಿ, "ನಿನಗೇನಾತು? ಬಚ್ಚಲಲ್ಲಿ ಬಿದ್ದೆ ಅಂದ್ರು," ಎಂದರು.

"ನಾನು ಹೊಡೆದದ್ದು," ಎಂದೆ. "ಅವರು ನನಗೆ ಹೊಡೆದ್ರು, ನಾನು ತಿರುಗಿ ಹೊಡೆದೆ. ಕುಕ್ಕರಿನಲ್ಲಿ."

ಗಂಡಸರೆಲ್ಲ ನನ್ನನ್ನು ನೋಡಿದರು. ಓರಗಿತ್ತಿ ಮಾತ್ರ ನೋಡಲಿಲ್ಲ. ಅವಳು ಗೂಡಿನ ತುಂಡನ್ನು ಕಾಗದದಲ್ಲಿ ಮತ್ತೆ ಸುತ್ತುತ್ತಿದ್ದಳು. ದೊಡ್ಡಪ್ಪ ಹೆಣ್ಣುಮಕ್ಕಳ ನಡತೆಯ ಬಗ್ಗೆ ಏನೋ ಶುರು ಮಾಡಿದರು. ನಾನು ಅವರ ಮಾತು ಮುಗಿಯಲು ಬಿಡಲಿಲ್ಲ. "ಮನೆಗೆ ಹೋಗ್ತೀನಿ. ಇವರು ಇನ್ನೊಂದು ಸಲ ನನ್ನ ಮೈ ಮುಟ್ಟಿದ್ರೆ ಸ್ಟೇಷನ್ನಿಗೆ ನಾನೇ ಹೋಗೋದು. ಆಗ ಇಲ್ಲಿಗೆ ಬರಲ್ಲ," ಎಂದೆ.

ಭಾವ ಕಂಪ್ಲೇಂಟು ವಾಪಸು ತೆಗೆದುಕೊಂಡರು. ಅಣ್ಣತಮ್ಮಂದಿರು ಈಗಲೂ ಮಾತಾಡುವುದಿಲ್ಲ. ಗಂಡ ನಮ್ಮ ಹಿತ್ತಲಿನಲ್ಲೇ ಗುಂಡಿ ತೋಡಿ ಪೈಪನ್ನು ಅದಕ್ಕೆ ತಿರುಗಿಸಿದ. ಗುದ್ದಲಿ ಎತ್ತಿ ಹಾಕುವಾಗ ಮೋಟುಗೋಡೆಯ ಆಚೆ ಭಾವ ನಿಂತಿದ್ದರೆ, ಅವರು ಒಳಗೆ ಹೋಗುವತನಕ ಗುದ್ದಲಿ ಕೆಳಗಿಟ್ಟು ಕಾಯುತ್ತಿದ್ದ. ಭಾವನೂ ಗುದ್ದಲಿಯನ್ನೇ ನೋಡುತ್ತಿದ್ದರು. ಪೈಪಿನ ಬಾಯಿಗೆ ನಾನು ಸೊಳ್ಳೆಜಾಲರಿ ಕಟ್ಟಿದೆ, ಕಸ ಕಟ್ಟದಂತೆ ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ. ಓರಗಿತ್ತಿ ಗಂಡಸರು ಕೆಲಸಕ್ಕೆ ಹೋದ ಮೇಲೆ ಗೋಡೆ ದಾಟಿ ಬರುತ್ತಾಳೆ. ಚೊಂಬಿನ ಏಟಿನ ಬಗ್ಗೆ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಬಾಗಿದ ಕೀಲಿನಿಂದಾಗಿ ಯಂತ್ರದ ಬಾಗಿಲು ಸ್ವಲ್ಪ ಓರೆಯಾಗಿಯೇ ಉಳಿಯಿತು. ಎರಡೂ ಬದಿಯ ಸ್ಕ್ರೂ ಸಡಿಲಿಸಿ ಎತ್ತಿ ಕೂರಿಸಿದೆ, ಅಂಚಿನ ರಬ್ಬರನ್ನು ತೆಗೆದು ತೊಳೆದು ಮತ್ತೆ ಒತ್ತಿದೆ. ಆದರೂ ಆಗಾಗ ಎಡಮೂಲೆಯಿಂದ ನೀರು ಜಿನುಗುತ್ತದೆ. ಕಳೆದ ತಿಂಗಳು ಭಾನುವಾರ ಬೆಳಿಗ್ಗೆ ಹಾಗೇ ಆಯಿತು. ನಾನು ನೆಲದ ಮೇಲೆ ಒರಗಿ, ಕೆಳಗಿನ ತಗಡು ಬಿಚ್ಚುತ್ತಿದ್ದೆ. ಗಂಡ ಟಾರ್ಚು ತಂದು ನನ್ನ ಬೆನ್ನ ಹಿಂದೆ ನಿಂತ. ಅವನು ಏನೂ ಮಾಡಿರಲಿಲ್ಲ. ಆ ತೊಗರ್ಸಿಯ ದಿನದಿಂದ ಕೈ ಎತ್ತಿಲ್ಲ, ಅದನ್ನು ಹೇಳಲೇಬೇಕು. ಆದರೆ ಅವನ ಕಾಲು ನನ್ನ ತಲೆಯ ಹತ್ತಿರ ಇತ್ತು. ನನ್ನ ಬೆನ್ನು ತಾನಾಗಿಯೇ ಬಿಗಿಯಿತು.

"ಟಾರ್ಚು ಕೆಳಗಿಟ್ಟು ಆಕಡೆ ಹೋಗ್ರಿ," ಎಂದೆ.

ಅವನು ಟಾರ್ಚನ್ನು ನೆಲದ ಮೇಲಿಟ್ಟು, ಬೆಳಕು ತಗಡಿನ ಮೇಲೆ ಬೀಳುವ ಹಾಗೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಹೊರಗೆ ಹೋಗ್ರಿ," ಎಂದೆ ಮತ್ತೊಮ್ಮೆ.

ಹೋದ. ನಾನು ಸ್ಕ್ರೂಡ್ರೈವರನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು ಮುಂದಿನ ಸ್ಕ್ರೂ ಬಿಚ್ಚಿದೆ.